ಕಡಲು ಕೊರೆದ ಮೆಟ್ಟಿಲುಗಳು

ಪರಶುರಾಮನು ಕೊಡಲಿಯನ್ನೆಸೆದು, ಕಡಲನ್ನು ಹಿಂದೆ ಸರಿಸಿ, ನೆಲವನ್ನು ಪಡೆದನೆಂಬ ಕಥೆಯನ್ನು ಕಾಸರಗೋಡಿನ ಕರಾವಳಿಯವರಾದ ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅದು ಪುರಾಣದ ಮಾತು. ಆದರೆ ಕಡಲಂಚಿನ ನೆಲವು ಮನುಷ್ಯರ ಕಣ್ಣೆದುರಿನಲ್ಲಿಯೇ ಮೇಲೆದ್ದ ನಿದರ್ಶನವು ಇತಿಹಾಸದಲ್ಲಿಯೂ ಉಂಟು. ಅದು ನಡೆದುದು ದಕ್ಷಿಣ ಅಮೆರಿಕದ ಪಡುವಣ ಅಂಚಿನಲ್ಲಿರುವ ಚಿಲಿ ದೇಶದಲ್ಲಿ.

1822ನೆಯ ನವೆಂಬರ್ 19ರ ರಾತ್ರಿ ಅಲ್ಲಿ ಭೀಕರ ಭೂಕಂಪವಾಯಿತು. ಆ ವರ್ಷವೇ ನೌಕಾಧಿಕಾರಿಯಾಗಿದ್ದ ಪತಿಯನ್ನು ಸಮುದ್ರಯಾನದಲ್ಲಿ ಕಳೆದುಕೊಂಡಿದ್ದ ಮರಿಯಾ ಗ್ರಹಾಂ ಎಂಬ ಆಂಗ್ಲ ಮಹಿಳೆಯು ಆಗ ಕ್ವಿಂಟೆರೊ ಎಂಬಲ್ಲಿ ತಂಗಿದ್ದಳು. ಆಕೆ ಕಡಲತಡಿಗೆ ಹೋಗಿ ನೋಡಿದಾಗ, ಚಿಪ್ಪುಜೀವಿಗಳು ಅಂಟಿಕೊಂಡಿದ್ದ ಬಂಡೆಗಳು ನೀರಿನಿಂದ ಹೊರಬಿದ್ದಿದ್ದವು. ಜೀವಿಗಳು ಸತ್ತು ನಾರುತ್ತಿದ್ದವು. ನೆಲವು ಮೂರು ನಾಲ್ಕು ಅಡಿಗಳಷ್ಟು ಏರಿದೆಯೆಂದು ಆಕೆ ಬರೆದುದನ್ನು ಲಂಡನ್ನಿನ ಭೂವಿಜ್ಞಾನ ಸಂಘವು 1824ರಲ್ಲಿ ಪ್ರಕಟಿಸಿತು. ಹತ್ತು ವರ್ಷಗಳ ತರುವಾಯ ಅದೇ ಸಂಘದ ಅಧ್ಯಕ್ಷನಾದ ಗ್ರೀನೊ ಎಂಬವನು ಆ ಸಾಕ್ಷ್ಯವನ್ನು ಬಹಿರಂಗವಾಗಿ ತಳ್ಳಿಹಾಕಿದನು. ಆಕೆ ಅಂಜದೆ ಅಚ್ಚಿನಲ್ಲಿಯೇ ಉತ್ತರವಿತ್ತಳು.

ವಾದವು ಆರುವ ಮುನ್ನವೇ, 1835ನೆಯ ಫೆಬ್ರವರಿ 20ರಂದು, ಚಿಲಿಯ ಕನ್ಸೆಪ್ಸಿಯೋನ್ ಪಟ್ಟಣವು ಭೂಕಂಪದಿಂದ ನೆಲಸಮವಾಯಿತು. ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಸಮೀಪದ ಸಾಂತಾ ಮರಿಯಾ ದ್ವೀಪವನ್ನು ಅಳೆದು, ಅದು ಎಂಟರಿಂದ ಹತ್ತು ಅಡಿಗಳವರೆಗೆ ಏರಿದುದನ್ನು ಕಂಡುಕೊಂಡನು. ಅದೇ ಹಡಗಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್ನನು ಉತ್ತರದ ಕೊಕಿಂಬೊದಲ್ಲಿ ಒಂದರ ಹಿಂದೊಂದು ಏರಿದ ಐದು ನೆಲಮೆಟ್ಟಿಲುಗಳನ್ನು ನೋಡಿದನು. ಕಡಲಿನಿಂದ 250 ಅಡಿ ಎತ್ತರದವರೆಗೂ ಅಲ್ಲಿ ಸಮುದ್ರದ ಚಿಪ್ಪುಗಳಿದ್ದವು.

ಈ ಮೆಟ್ಟಿಲುಗಳನ್ನು ಕೊರೆದುದು ಕಡಲು, ಎತ್ತಿದುದು ಭೂಮಿ. ಅಲೆಗಳು ದಡದ ಬುಡವನ್ನು ಸವೆಯಿಸುತ್ತ ನೀರಿನ ಮಟ್ಟದಲ್ಲಿ ಸಪಾಟಾದ ಜಗಲಿಯೊಂದನ್ನು ಮಾಡುತ್ತವೆ. ಚಿಲಿಯಲ್ಲಿ ಪೆಸಿಫಿಕ್ ಸಾಗರದಡಿಯ ಶಿಲಾಫಲಕವು ಖಂಡದ ಕೆಳಗೆ ನುಸುಳುತ್ತಿರುವುದರಿಂದ ನೆಲವು ಏರುತ್ತದೆ. ಆದರೆ ಒಂದು ಭೂಕಂಪಕ್ಕೆ ಒಂದು ಮೆಟ್ಟಿಲೆಂದು ತಿಳಿಯಬಾರದು. ಸಾಂತಾ ಮರಿಯಾ ದ್ವೀಪವು 1835ರಲ್ಲಿ ಏರಿದುದರಲ್ಲಿ ಹೆಚ್ಚಿನ ಪಾಲನ್ನು ಮೆಲ್ಲಮೆಲ್ಲನೆ ಕುಸಿದು ಕಳೆದುಕೊಂಡು, 2010ನೆಯ ಫೆಬ್ರವರಿ 27ರ ಭೂಕಂಪದಲ್ಲಿ ಪುನಃ ಐದರಿಂದ ಏಳು ಅಡಿಗಳಷ್ಟು ಏರಿತು. ಪ್ರತಿ ಸಲವೂ ಉಳಿಯುವುದು ಅಲ್ಪವೇ. ಹಿಮಯುಗಗಳ ನಡುವೆ ಮಂಜು ಕರಗಿ ಕಡಲು ಉಬ್ಬಿ ಬಹುಕಾಲ ನಿಂತಾಗ ಅಗಲವಾದ ಜಗಲಿ ಕೊರೆಯಲ್ಪಡುತ್ತದೆ. ಸುಮಾರು 1,25,000 ವರ್ಷಗಳ ಹಿಂದೆ ಅಂತಹ ಕಾಲವೊಂದಿದ್ದಿತು. ಮುಂದೆ ಕಡಲು ಇಳಿದು ಮತ್ತೆ ಉಬ್ಬಿ ಬರುವಷ್ಟರಲ್ಲಿ ನೆಲವು ಏರಿರುವುದರಿಂದ ಹಳೆಯ ಜಗಲಿಯು ಅಲೆಗಳಿಗೆ ಎಟುಕದೆ ಉಳಿಯುತ್ತದೆ. ಅದರ ಕೆಳಗೆ ಹೊಸತು ಹುಟ್ಟುತ್ತದೆ. ಆದುದರಿಂದ ಎತ್ತರದ ಮೆಟ್ಟಿಲೇ ಹಿರಿಯದು.

ಪರಶುರಾಮನಿಗೆ ಒಂದೇ ಏಟು ಸಾಕಾಯಿತು. ಪ್ರಕೃತಿಗೆ ಸಾವಿರಾರು ಏಟುಗಳು ಬೇಕಾದವು. ಅವುಗಳಲ್ಲಿ ಒಂದನ್ನು ಕಂಡು, ಕಂಡುದನ್ನು ಕಂಡಂತೆಯೇ ಬರೆದಿಟ್ಟು, ದೊಡ್ಡವರು ಅಲ್ಲಗಳೆದಾಗಲೂ ತನ್ನ ಮಾತನ್ನು ಬಿಡದಿದ್ದ ಆ ಮಹಿಳೆಯನ್ನು, ಕಡಲ ಮಗ್ಗುಲಲ್ಲಿ ಬಾಳುವ ನಾವು ನೆನೆಯುವುದು ಉಚಿತವಾಗಿದೆ.