ಒಂದೇ ಹೊಲ, ಮೂರು ಕಡತ

ದೇವನಹಳ್ಳಿ, ಹೊಸಕೋಟೆ ಕಡೆಯ ಯಾವ ಹೊಲವನ್ನೇ ತೆಗೆದುಕೊಂಡರೂ ಅದರ ಲೆಕ್ಕ ಮೂರು ಕಡೆ ಇರುತ್ತಿತ್ತು: ಸರ್ವೆಯವರ ಬಳಿ ಅಳತೆಯ ಟಿಪ್ಪಣಿ ಮತ್ತು ವಿಸ್ತೀರ್ಣ-ಕಂದಾಯದ ಆಕಾರಬಂದ್, ತಾಲ್ಲೂಕು ಕಚೇರಿಯಲ್ಲಿ ಪಹಣಿ, ಸಬ್ ರಿಜಿಸ್ಟ್ರಾರ್ ಬಳಿ ಕ್ರಯಪತ್ರದ ನಕಲು. ಇವು ಒಂದಕ್ಕೊಂದು ತಾಳೆಯಾಗದಿದ್ದರೆ ಗುಮಾಸ್ತರನ್ನು ಬೈಯುವುದು ವಾಡಿಕೆ. ಬೈಗುಳದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ತೊಡಕಿನ ಬುಡ ಬೇರೆಡೆ ಇದೆ. ಈ ಮೂರೂ ಹುಟ್ಟಿದ್ದು ಮೂರು ಬೇರೆ ಪ್ರಶ್ನೆಗಳಿಗಾಗಿ. 1860ರ ದಶಕದಲ್ಲಿ ಮೈಸೂರು ಸೀಮೆಗೆ ಬಂದ ಸರ್ವೆ 33 ಅಡಿಯ ಸರಪಳಿ ಎಳೆದದ್ದು ಕಂದಾಯ ಕಟ್ಟಲು. ಪಹಣಿಗೆ ಬೇಕಾದದ್ದು ಜಮೀನು ಯಾರ ಹೆಸರಲ್ಲಿದೆ, ಯಾರು ಉಳುತ್ತಿದ್ದಾರೆ, ಅದರ ಮೇಲೆ ಸಾಲವೇನಿದೆ ಎಂಬುದು. 1908ರ ನೋಂದಣಿ ಕಾಯ್ದೆ ದಾಖಲಿಸುವುದು ಪತ್ರವನ್ನು. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ.

ಶಾನುಭೋಗರ ಕಾಲದಲ್ಲಿ ಈ ಗೋಜಲೇ ಇರಲಿಲ್ಲ, ಊರಿನ ಲೆಕ್ಕವೆಲ್ಲ ಒಬ್ಬರ ತಲೆಯಲ್ಲಿರುತ್ತಿತ್ತು ಎನ್ನುವವರಿದ್ದಾರೆ. ನಿಜ, ಯಾವ ಬದು ಯಾರದು, ಯಾವ ಮನೆಯ ಪಾಲುಪಟ್ಟಿ ಕಾಗದಕ್ಕೇ ಇಳಿದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಆದರೆ ಕಡತಗಳನ್ನು ಒಂದಕ್ಕೊಂದು ಜೋಡಿಸುವ ಆ ತಿಳಿವಳಿಕೆ ಸರ್ಕಾರದ ಸೊತ್ತಾಗಿರಲಿಲ್ಲ, ರೈತನದಂತೂ ಅಲ್ಲವೇ ಅಲ್ಲ. ವಂಶಪಾರಂಪರ್ಯದ ಒಂದು ಮನೆಯ ಬಂಡವಾಳವಾಗಿತ್ತು. 1961ರ ಕಾಯ್ದೆಯಂತೆ ಆ ಹುದ್ದೆ ರದ್ದಾಗಿ ಸಂಬಳದ ಗ್ರಾಮಲೆಕ್ಕಿಗರು ಬಂದಾಗ ಪುಸ್ತಕಗಳೇನೋ ಕೈಬದಲಾದವು, ತಲೆಯಲ್ಲಿದ್ದ ಲೆಕ್ಕ ಬರಲಿಲ್ಲ.

ಮುಂದೆ ಭೂಮಿ ಯೋಜನೆ ಬಂತು. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿ, ಕೈಬರಹದ ಪಹಣಿಯ ಚಲಾವಣೆ ನಿಂತಿತು. ನೋಂದಣಿಗೆ ಕಾವೇರಿ, ಸರ್ವೆಗೆ ಮೋಜಿಣಿ ಎಂಬ ತಂತ್ರಾಂಶಗಳು ಬಂದು ಭೂಮಿಯೊಡನೆ ಕೊಂಡಿ ಬೆಸೆದುಕೊಂಡವು. ನಿಜವಾದ ಕಗ್ಗಂಟು ಹೊರಬಿದ್ದದ್ದು ಆಗಲೇ. 4 ಎಕರೆಯ ಒಂದು ಸರ್ವೆ ನಂಬರನ್ನು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು, ಪೋಡಿಯಾಗದೆ, ಅಂದರೆ ಅಳೆದು ಬೇರೆ ನಂಬರು ಮಾಡಿಸದೆ, ಪಹಣಿಯಲ್ಲಿ ‘ಪೈಕಿ’ ಎಂದಷ್ಟೇ ಬರೆಸಿದ್ದಾರೆ ಎನ್ನಿ. ಅವರಲ್ಲೊಬ್ಬ 20 ಗುಂಟೆ ಮಾರುತ್ತಾನೆ. ಕೊಂಡವನ ಹೆಸರು ಪಹಣಿಯ 9ನೇ ಕಾಲಂ ಸೇರುತ್ತದೆ, ಮಾರಿದವನ ವಿಸ್ತೀರ್ಣ ಮಾತ್ರ ಕಡಿಮೆಯಾಗುವುದಿಲ್ಲ. ಪಹಣಿಗಳ ಮೊತ್ತ ಆಕಾರಬಂದನ್ನು ಮೀರುತ್ತದೆ. ಕಂಪ್ಯೂಟರು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯ್ದಿಟ್ಟಿತು. ಭಾಗ ಮಾರುವ ಮುನ್ನ ಅದನ್ನು ಅಳೆದು ತೋರಿಸುವ 11ಇ ನಕ್ಷೆ ಕಡ್ಡಾಯವಾದದ್ದು ಇದಕ್ಕೇ: ಮೊದಲು ಅಳತೆ, ಆಮೇಲೆ ನೋಂದಣಿ, ಕೊನೆಗೆ ಪಹಣಿಯಲ್ಲಿ ಹೆಸರು ಬದಲಿಸುವ ಮ್ಯುಟೇಷನ್. ಯಾವ ಇಲಾಖೆ ಮೊದಲು ಮಾತಾಡಬೇಕೆಂಬ ಈ ತೀರ್ಮಾನವೇ, ನನ್ನ ಎಣಿಕೆಯಲ್ಲಿ, ಯಾವ ತಂತ್ರಾಂಶಕ್ಕಿಂತಲೂ ದೊಡ್ಡ ಸುಧಾರಣೆ.

ದಾಖಲೆ ಬಯಲಾದದ್ದು ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಜಮೀನಿನ ಮೇಲೆ ಕಣ್ಣಿಟ್ಟವರಿಗೇ ಹೆಚ್ಚು ಅನುಕೂಲವಾಯಿತೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹೊರಗಿನವನಿಗೆ ಓದಲು ಸುಲಭವಾದ ಪಹಣಿ ದಲ್ಲಾಳಿಗೂ ಸುಲಭವೇ. ಆದರೆ ಗೋಜಲು ರೈತನನ್ನು ಕಾಯುತ್ತಿತ್ತು ಎನ್ನುವುದು ಅರ್ಧಸತ್ಯ; ಶಾನುಭೋಗನ ಮನೆ ಬಾಗಿಲಿಗೆ ದಲ್ಲಾಳಿಯೂ ಹೋಗಬಹುದಿತ್ತು. ಅಲ್ಲದೆ ಭೂಕಂದಾಯ ಕಾಯ್ದೆಯ 133ನೇ ಕಲಂ ಪಹಣಿಯನ್ನು ಸರಿಯೆಂದು ಭಾವಿಸುವುದು, ತಪ್ಪೆಂದು ಸಾಬೀತಾಗುವವರೆಗೆ ಮಾತ್ರ. ಪೈಕಿ ನಂಬರುಗಳ ತಕರಾರಂತೂ ಕಚೇರಿಯಲ್ಲಿ ಕೂತು ಬಿಡಿಸುವಂಥದ್ದಲ್ಲ. ಅದಕ್ಕೆ ಭೂಮಾಪಕ ಹೊಲಕ್ಕಿಳಿಯಬೇಕು, ಪಾಲುದಾರರೆಲ್ಲ ಬದುವಿನ ಮೇಲೆ ಬಂದು ನಿಂತು ಒಪ್ಪಬೇಕು.