ವೃದ್ಧಾಪ್ಯದ ದುರ್ಬಲತೆ

ವೃದ್ಧಾಪ್ಯದ ದುರ್ಬಲತೆ ಅಥವಾ ಫ್ರೇಲ್ಟಿ ಎಂಬುದು ವಯಸ್ಸಾದಂತೆ ದೇಹದ ಹಲವು ಅಂಗಗಳ ಮೀಸಲು ಸಾಮರ್ಥ್ಯ ಕುಗ್ಗುವುದರಿಂದ ಉಂಟಾಗುವ ಸ್ಥಿತಿ. ಈ ಸ್ಥಿತಿಯಲ್ಲಿರುವವರು ಮೂತ್ರದ ಸೋಂಕು ಅಥವಾ ಹೊಸ ಔಷಧದಂತಹ ಸಣ್ಣ ಕಾರಣದಿಂದಲೂ ಎಡವಿ ಬೀಳಬಹುದು, ಗೊಂದಲಕ್ಕೊಳಗಾಗಬಹುದು ಅಥವಾ ಹಾಸಿಗೆ ಹಿಡಿಯಬಹುದು. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ದುರ್ಬಲರಾಗಿದ್ದು ಮತ್ತೊಬ್ಬರು ದೃಢಕಾಯರಾಗಿರಬಹುದು.

ಗುರುತಿಸುವಿಕೆ

2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಹೋದ್ಯೋಗಿಗಳು ಐದು ಲಕ್ಷಣಗಳನ್ನು ಸೂಚಿಸಿದರು:

* ಪ್ರಯತ್ನಿಸದೆಯೇ ತೂಕ ಇಳಿಯುವುದು
* ಬಳಲಿಕೆ
* ಕೈಹಿಡಿತದ ಬಲ ಕುಗ್ಗುವುದು
* ನಡಿಗೆ ನಿಧಾನವಾಗುವುದು
* ದೈಹಿಕ ಚಟುವಟಿಕೆ ಕಡಿಮೆಯಾಗುವುದು

ಮೂರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ದುರ್ಬಲತೆಯೆಂದೂ, ಒಂದೆರಡಿದ್ದರೆ ಅದರ ಪೂರ್ವಸ್ಥಿತಿಯೆಂದೂ ಪರಿಗಣಿಸಲಾಗುತ್ತದೆ.

ಸಮಗ್ರ ಮೌಲ್ಯಮಾಪನ

ದುರ್ಬಲರಾದ ವೃದ್ಧರಲ್ಲಿ ಕಾಯಿಲೆಯೊಂದನ್ನೇ ಪರೀಕ್ಷಿಸಿದರೆ ಸಾಲದು. ವೈದ್ಯರು, ದಾದಿಯರು ಮತ್ತು ಫಿಸಿಯೋಥೆರಪಿ ತಜ್ಞರ ತಂಡವು ರೋಗಿಯ ನೆನಪಿನ ಶಕ್ತಿ, ಮನಃಸ್ಥಿತಿ, ಪೋಷಣೆ, ದೃಷ್ಟಿ, ಶ್ರವಣ, ಸ್ನಾನ, ಊಟದಂತಹ ದಿನಚರಿ ಹಾಗೂ ಮನೆಯ ಆಸರೆಯನ್ನು ಒಟ್ಟಾಗಿ ಪರಿಶೀಲಿಸುತ್ತದೆ. ಈ ಪದ್ಧತಿಗೆ ನಾಂದಿ ಹಾಡಿದವರು ಬ್ರಿಟನ್ನಿನ ವೈದ್ಯೆ ಮಾರ್ಜರಿ ವಾರನ್. 1930ರ ದಶಕದಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ, ವಾಸಿಯಾಗದವರೆಂದು ಹಾಸಿಗೆಯಲ್ಲೇ ಬಿಡಲಾಗಿದ್ದ ವೃದ್ಧರನ್ನು ಅವರು ಪ್ರತ್ಯೇಕವಾಗಿ ಪರೀಕ್ಷಿಸಿ ಆರೈಕೆ ನೀಡಿದಾಗ ಹಲವರು ಮನೆಗೆ ಮರಳಿದರು.

ನಿರ್ವಹಣೆ

ಸ್ನಾಯುಬಲ ಮತ್ತು ಸಮತೋಲನದ ವ್ಯಾಯಾಮ, ಸಾಕಷ್ಟು ಪ್ರೋಟೀನ್ ಇರುವ ಆಹಾರ ಹಾಗೂ ಅನಗತ್ಯ ಔಷಧಗಳನ್ನು ವೈದ್ಯರ ಸಲಹೆಯಂತೆ ಕಡಿಮೆ ಮಾಡುವುದು ಮುಖ್ಯ ಕ್ರಮಗಳು. ಆಸ್ಪತ್ರೆಯಲ್ಲಿ ದೀರ್ಘಕಾಲ ಮಲಗಿಯೇ ಇದ್ದರೆ ಸ್ನಾಯುಗಳು ಬೇಗ ಕ್ಷೀಣಿಸುವುದರಿಂದ, ಸಾಧ್ಯವಾದಷ್ಟು ಬೇಗ ಎದ್ದು ನಡೆಯಲು ನೆರವಾಗಬೇಕು. ಆರಂಭದಲ್ಲೇ ಗುರುತಿಸಿದರೆ ದುರ್ಬಲತೆಯನ್ನು ತಗ್ಗಿಸಲು ಸಾಧ್ಯ. ತೀವ್ರ ಹಂತದಲ್ಲಿ ರೋಗಿಯ ಇಚ್ಛೆ ಮತ್ತು ನೆಮ್ಮದಿಗೆ ಆದ್ಯತೆ ನೀಡಲಾಗುತ್ತದೆ.