ಫೋನ್ ಬಿಲ್ಲು ಕಲಿಸಿದ ಲಿನಕ್ಸ್

ಸಣ್ಣ ಊರುಗಳ ನಮ್ಮಂಥವರಿಗೆ ಲಿನಕ್ಸ್ ಹತ್ತಿರವಾದದ್ದು ತಂತ್ರಾಂಶ ಸ್ವಾತಂತ್ರ್ಯದ ಮಾತು ಕೇಳಿ ಅಲ್ಲ, ಫೋನ್ ಬಿಲ್ಲಿಗೆ ಹೆದರಿ. ಹೀಗೆಂದರೆ ಬೆಂಗಳೂರಿನ ಗೆಳೆಯರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ.

1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಅಲ್ಲಿಯವರೆಗೆ ಅದು ಶಿಕ್ಷಣ-ಸಂಶೋಧನಾ ಜಾಲವಾದ ಎರ್ನೆಟ್ ಮೂಲಕ ಐಐಎಸ್‌ಸಿಯಂಥ ಸಂಸ್ಥೆಗಳ ಸೊತ್ತು. ದಶಕ ಮುಗಿಯುವ ಹೊತ್ತಿಗೆ ಸೈಬರ್ ಕೆಫೆಗಳು ಎದ್ದವು. ಅಂಥದೊಂದರಲ್ಲಿ ನಾನು ಯಂತ್ರ ನೋಡಿಕೊಳ್ಳುತ್ತಿದ್ದೆ. ಲೈನ್ ಒಂದು, ಮೋಡೆಮ್ ಒಂದು, ಗಿರಾಕಿಗಳು ಐದಾರು ಮಂದಿ. ಡಯಲ್ ಮಾಡಿದರೆ ಸಿಗುತ್ತಿದ್ದ ಐಪಿ ವಿಳಾಸವೂ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಲೈನ್ ಎಂದರೆ ಫೋನ್ ಬಿಲ್ಲೂ ಅಷ್ಟು ಪಟ್ಟು.

ದಾರಿ ತೋರಿಸಿದ್ದು ಲಿನಕ್ಸಿನ ಐಪಿ ಮಾಸ್ಕರೇಡಿಂಗ್. ಯಾರಿಗೂ ಬೇಡವಾದ ಹಳೆಯ 486 ಕಂಪ್ಯೂಟರಿಗೆ ಮೋಡೆಮ್ ಕಟ್ಟಿ ಮೂಲೆಗಿಡುವುದು; ಉಳಿದವಕ್ಕೆ 192.168ರಿಂದ ಶುರುವಾಗುವ ಒಳವಿಳಾಸ ಕೊಡುವುದು. ಹೊರಟ ಪ್ರತಿ ಪ್ಯಾಕೆಟ್ಟಿನ ಮೇಲೆ 486 ತನ್ನ ವಿಳಾಸ ಹಾಕಿ, ಪೋರ್ಟ್ ಸಂಖ್ಯೆ ನೆನಪಿಟ್ಟುಕೊಂಡು, ಉತ್ತರವನ್ನು ಕೇಳಿದವರಿಗೇ ಮುಟ್ಟಿಸುತ್ತಿತ್ತು. ವಠಾರದ ಮಾಲೀಕರ ಹೆಸರಿಗೆ ಬಂದ ಕಾಗದಗಳನ್ನು ಬಾಡಿಗೆಯವರಿಗೆ ಹಂಚಿದ ಹಾಗೆ. ಜೊತೆಗೆ, ಒಮ್ಮೆ ತಂದದ್ದನ್ನು ಕೂಡಿಡುವ ಸ್ಕ್ವಿಡ್ ಹಾಕಿದರೆ ಯಾಹೂ ಚಿತ್ರಗಳನ್ನು ಪ್ರತಿಯೊಬ್ಬರಿಗೂ ಹೊಸದಾಗಿ ತರಿಸಬೇಕಿರಲಿಲ್ಲ. 1999ರಲ್ಲಿ ವಿಂಡೋಸ್ 98ರ ಎರಡನೇ ಆವೃತ್ತಿಗೂ ಸಂಪರ್ಕ ಹಂಚುವ ವಿದ್ಯೆ ಬಂತು, ನಿಜ. ಅಷ್ಟರಲ್ಲಿ ನಮಗೆ ಕೈ ಕೂತಿತ್ತು.

ಕೈ ಕೂರುವುದೇನು ಸುಲಭವಿರಲಿಲ್ಲ. ಪಿಸಿಕ್ವೆಸ್ಟ್ ಪತ್ರಿಕೆಯೊಂದಿಗೆ ಲಿನಕ್ಸಿನ ಸಿ.ಡಿ. ಸಿಗುತ್ತಿತ್ತು. ಲಿನಕ್ಸನ್ನು ಎಬ್ಬಿಸುವ ಲಿಲೋ ತನ್ನ ಹೆಸರಿನ ಮೊದಲೆರಡು ಅಕ್ಷರ ತೋರಿಸಿ ನಿಂತುಬಿಟ್ಟರೆ ಡಿಸ್ಕಿನ ಲೆಕ್ಕ ತಪ್ಪಿದೆ ಎಂದರ್ಥ. ವಿಂಡೋಸ್‌ಗೆಂದೇ ಮಾಡಿದ ಅಗ್ಗದ ಒಳಮೋಡೆಮ್‌ಗಳು ಉಸಿರೆತ್ತುತ್ತಿರಲಿಲ್ಲ. ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರಮೋಡೆಮ್ಮೇ ಬೇಕು. ಯಂತ್ರಗಳನ್ನು ಜೋಡಿಸುವ ಹಬ್ಬಿಗೆ ದುಡ್ಡಿಲ್ಲದ ಕಡೆ ಕೋಆಕ್ಸಿಯಲ್ ಕೇಬಲ್. ಅದರ ಎರಡೂ ತುದಿಗೆ 50 ಓಮಿನ ಟರ್ಮಿನೇಟರ್. ಕಸ ಗುಡಿಸುವವರ ಪೊರಕೆ ತಗುಲಿ ಒಂದು ಸಡಿಲವಾದರೂ ಇಡೀ ಅಂಗಡಿ ಸ್ತಬ್ಧ! ಆಗ ಮೇಜಿನಡಿ ತೆವಳುತ್ತ, ಒಂದೊಂದೇ ಯಂತ್ರದಿಂದ ಪಿಂಗ್ ಮಾಡಿಸುತ್ತ ನೆಟ್‌ವರ್ಕ್ ಕಲಿತವರು ನಾವು. ಕೋರ್ಸಿಗೆ ದುಡ್ಡು ಕಟ್ಟಿದವರು ಓಎಸ್‌ಐನ ಏಳು ಪದರ ಬಾಯಿಪಾಠ ಮಾಡುತ್ತಿದ್ದರು. ನಮಗೆ ಮೊದಲ ಪದರದಲ್ಲೇ, ಅಂದರೆ ಕೇಬಲ್ಲಿನಲ್ಲೇ, ಸಾಕಷ್ಟು ಕೆಲಸವಿತ್ತು.

2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ನಡೆದಾಗ ಸ್ವಾತಂತ್ರ್ಯದ ಚರ್ಚೆ ಜೋರಾಯಿತು. ನಮ್ಮ ತಕರಾರೇ ಬೇರೆ. ಮಾಸ್ಕರೇಡಿಂಗಿಗಾಗಿ ಲಿನಕ್ಸ್ ಕರ್ನಲ್ 2.0ರಲ್ಲಿ ಕಲಿತ ಐಪಿಎಫ್‌ವ್ಯಾಡ್ಮ್ ಆಜ್ಞೆಗಳನ್ನು 2.2 ಬಂದಾಗ ಐಪಿಚೈನ್ಸ್ ಅಟ್ಟಿತ್ತು. ಅದನ್ನೂ ಅರಗಿಸಿಕೊಳ್ಳುವಷ್ಟರಲ್ಲಿ 2.4 ಐಪಿಟೇಬಲ್ಸ್ ತಂದಿತ್ತು.